ಕಾಲಿನ ನಾಡಿ, ಕಾಗದದ ಸಂಕೇತ

ನವಿಲುತೀರ್ಥದ ಆಸುಪಾಸಿನ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳಲ್ಲಿ ಮಹಾಪಧಮನಿಯ ಕಮಾನು ಕಿರಿದಾಗಿ ಹುಟ್ಟಿದ ಮಕ್ಕಳು ಎಷ್ಟಿದ್ದಾರೆ? ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡದ ನಮೂನೆಯಿಂದ ಇದಕ್ಕೆ ಉತ್ತರ ತೆಗೆಯಲಾಗದು. 2013ರಲ್ಲಿ ಶುರುವಾದ ಈ ಕಾರ್ಯಕ್ರಮ ಮೂವತ್ತು ತೊಂದರೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಹುಟ್ಟಿನಿಂದ ಬರುವ ಹೃದ್ರೋಗಗಳಿಗೆಲ್ಲ ಸೇರಿ ಇರುವುದು ಒಂದೇ ಸಾಲು. ಊರೂರು ತಿರುಗುವ ತಂಡದ ಕೆಲಸ ಅನುಮಾನ ಪಟ್ಟು ಮುಂದೆ ಕಳಿಸುವುದು, ಹಾಗಾಗಿ ಅವರಿಗೆ ಒಂದು ಸಾಲು ಸಾಕು. ತೊಡಕು ಇರುವುದು ಅಲ್ಲಿಂದ ಮುಂದೆ.

ಕಮಾನು ಕಿರಿದಾಗುವ ಈ ರೋಗಕ್ಕೆ ವೈದ್ಯರು ಹೇಳುವುದು ಕೊಆರ್ಕ್ಟೇಶನ್. ಕಮಾನು ಪೂರ್ತಿ ತುಂಡಾಗಿದ್ದರೆ ಅದು ಬೇರೆಯದೇ ರೋಗ. ಮೊದಲನೆಯದನ್ನು ಇಟಲಿಯ ಮೋರ್ಗಾನಿ 1760ರಲ್ಲಿ, ಎರಡನೆಯದನ್ನು ಸ್ಟೈಡೆಲೆ 1778ರಲ್ಲಿ ಬರೆದಿಟ್ಟರು. ಇಬ್ಬರೂ ಕಂಡದ್ದು ಹೆಣ ಕೊಯ್ದ ಮೇಲೆ. 1944ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್, ಮರುವರ್ಷ ಅಮೆರಿಕದ ರಾಬರ್ಟ್ ಗ್ರಾಸ್ ಕಿರಿದಾದ ಭಾಗವನ್ನು ಕತ್ತರಿಸಿ ಹೊಲಿದರು. ಕೈ ಹಾಕಿ ಸರಿಪಡಿಸಬಹುದು ಎಂದಾದ ಮೇಲೆಯೇ ಬರೆಯುವುದಕ್ಕೂ ಬಿಗಿ ಬಂತು. ಕಮಾನು ಎಲ್ಲಿ ತುಂಡಾಗಿದೆ ಎಂಬುದರ ಮೇಲೆ ಸೆಲೋರಿಯಾ ಮತ್ತು ಪ್ಯಾಟನ್ 1959ರಲ್ಲಿ ಎ, ಬಿ, ಸಿ ಎಂದು ವಿಂಗಡಿಸಿದರು. ಎಡಗೈ ರಕ್ತನಾಳ ಕವಲೊಡೆದ ಮೇಲೆ ತುಂಡಾಗಿದ್ದರೆ ಎ, ಅದಕ್ಕೂ ಕತ್ತಿನ ಎಡನಾಳಕ್ಕೂ ನಡುವೆಯಾದರೆ ಬಿ, ಇನ್ನೂ ಹಿಂದೆ ಆದರೆ ಸಿ. ಶಸ್ತ್ರವೈದ್ಯರು ಈಗಲೂ ಹೀಗೆಯೇ ಬರೆಯುತ್ತಾರೆ.

ಲೆಕ್ಕ ಇಡುವವರ ದಾರಿ ಬೇರೆ. 1893ರಲ್ಲಿ ಬರ್ಟಿಲನ್ ಕೊಟ್ಟದ್ದು ಸಾವಿನ ಕಾರಣಗಳ ಪಟ್ಟಿ. ಕಾಯಿಲೆಗಳೂ ಅದರೊಳಗೆ ಬಂದದ್ದು ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಆರನೇ ಆವೃತ್ತಿ ತಂದಾಗ. ಆ ಪಟ್ಟಿಯ ಹತ್ತನೇ ಆವೃತ್ತಿಯಾದ ಐಸಿಡಿ-10ರಲ್ಲಿ ಕೊಆರ್ಕ್ಟೇಶನ್‌ಗೆ ಕ್ಯೂ 25.1 ಎಂಬ ಸ್ವಂತ ಸಂಕೇತವಿದೆ. ಜೋಡಿ ಕಮಾನು, ಬಲಗಡೆಗೆ ತಿರುಗಿದ ಕಮಾನುಗಳೆಲ್ಲ ‘ಇತರೆ’ ಎಂಬ 25.4ರ ಗೋಣಿಗೆ ಬಿದ್ದವು. ಅಮೆರಿಕ ತನ್ನ ಆವೃತ್ತಿಯಲ್ಲಿ 2016ರ ಅಕ್ಟೋಬರಿನಿಂದ ಆ ಗೋಣಿ ಬಿಚ್ಚಿತು: ಜೋಡಿ ಕಮಾನು 25.45, ಬಲಗಡೆಯದು 25.47. ತುಂಡಾದ ಕಮಾನಿಗೂ 25.21 ಎಂಬ ಸ್ವಂತ ಸಂಕೇತ ಕೊಟ್ಟಿತು. ಈ ನಡುವೆ ಮಕ್ಕಳ ಹೃದ್ರೋಗ ತಜ್ಞರು ತಮ್ಮದೇ ಅಂತರರಾಷ್ಟ್ರೀಯ ಸಂಕೇತಾವಳಿ ಕಟ್ಟಿಕೊಂಡಿದ್ದರು. 2022ರಲ್ಲಿ ಜಾರಿಗೆ ಬಂದ ಐಸಿಡಿ-11ರ ಹೃದಯದ ಭಾಗಕ್ಕೆ ಆ ಕೆಲಸವೇ ತಳಪಾಯ.

ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳಲ್ಲಿ ಕೂತ ನಮ್ಮ ಹುಡುಗ ಹುಡುಗಿಯರಿಗೆ ಈ ಅಂಕಿಗಳೆಲ್ಲ ನಿತ್ಯದ ಮಾತು. ಅಮೆರಿಕದ ಮಗುವಿನ ಕಮಾನು ಎಡಕ್ಕೋ ಬಲಕ್ಕೋ ಎಂದು ನೋಡದೆ ಅವರು ಬಿಲ್ ಮುಂದೆ ಬಿಡುವುದಿಲ್ಲ. ಅದೇ ವೇಳೆಗೆ ಮಲಪ್ರಭೆಯ ದಂಡೆಯ ಕೂಸಿನ ಚೀಟಿಯ ಮೇಲೆ ‘ಸಿಎಚ್‌ಡಿ’ ಎಂಬ ಮೂರಕ್ಷರ ಇದ್ದರೆ ಇದ್ದೀತು. ಆ ಮೂರಕ್ಷರಕ್ಕೆ ಕ್ಯೂ 24.9 ಬಿಟ್ಟು ಬೇರೆ ಸಂಕೇತ ಕೊಡಲು ಯಾವ ಕೋಡರ್‌ಗೂ ಬಾರದು. ಅಂದರೆ ‘ಹೃದಯದ ಹುಟ್ಟುದೋಷ, ಯಾವುದೆಂದು ಹೇಳಿಲ್ಲ’.

ನಮ್ಮಲ್ಲಿ ಕಾಗದಪತ್ರಕ್ಕೆ ಶಿಸ್ತು ತಂದದ್ದು ವಿಮೆ. 2003ರಲ್ಲಿ ಸಹಕಾರಿಗಳಿಗೆ ಯಶಸ್ವಿನಿ, 2010ರಲ್ಲಿ ಉತ್ತರ ಕರ್ನಾಟಕದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ರಾಮದುರ್ಗದ ರೈತನ ಮಗು ಬೆಳಗಾವಿಗೋ ಬೆಂಗಳೂರಿಗೋ ಹೋದರೆ, ಆರೋಗ್ಯಮಿತ್ರರ ಮೇಜಿನಿಂದ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿ ಸಮೇತ ಚಿಕಿತ್ಸೆಗೆ ಮುಂಚಿನ ಅನುಮತಿ ಕೇಳುವ ಪ್ರಿ-ಆಥ್ ಹೋಗಬೇಕು. ಆದರೆ ಹಣ ಬಿಡುಗಡೆಯಾಗುವುದು ಪ್ಯಾಕೇಜ್ ಸಂಕೇತದ ಮೇಲೆ. ಬಲೂನ್ ಹಾಕಿದರೋ, ಎದೆ ತೆರೆದರೋ ಎಂಬುದು ಅದರಿಂದ ಗೊತ್ತಾಗುತ್ತದೆ. ಕಮಾನು ಎಷ್ಟು ಕಿರಿದಿತ್ತು, ಜತೆಗೆ ಇನ್ನೇನಿತ್ತು ಎಂಬುದು ಗೊತ್ತಾಗದು. ನನ್ನ ಮಟ್ಟಿಗೆ ಇದು ಖರ್ಚಿನ ಲೆಕ್ಕ, ರೋಗದ ಲೆಕ್ಕವಲ್ಲ. ಎರಡನ್ನೂ ಒಂದೇ ಎಂದುಕೊಂಡು ಕೂತಿದ್ದೇವೆ.

ಆಸ್ಪತ್ರೆ ಮುಟ್ಟದ ಕೂಸುಗಳ ಲೆಕ್ಕ ಇನ್ನೂ ಕಷ್ಟ. ಗರ್ಭದಲ್ಲಿ ತೆರೆದಿದ್ದ ಡಕ್ಟಸ್ ನಾಳ ಹುಟ್ಟಿದ ಕೆಲವು ದಿನಗಳಲ್ಲಿ ಮುಚ್ಚುತ್ತದೆ. ಕಮಾನು ತೀರಾ ಕಿರಿದಾಗಿದ್ದರೆ ಆಗ ಕೆಳಮೈಗೆ ರಕ್ತ ಸಾಲದೆ ಕೂಸು ಹಾಲು ಬಿಡುತ್ತದೆ, ಮೈ ತಣ್ಣಗಾಗುತ್ತದೆ. ನೋಡುವವರಿಗೆ ನಂಜೇರಿದಂತೆಯೇ ಕಾಣುತ್ತದೆ. ಎಕೋ ಇಲ್ಲದ ಕಡೆ ಸಾವಿನ ಪ್ರಮಾಣಪತ್ರದಲ್ಲಿ ‘ಸೆಪ್ಸಿಸ್’ ಎಂದು ಬಿದ್ದರೆ, ಆ ಮಗು ಹೃದಯದ ಲೆಕ್ಕದಿಂದ ಕಾಯಂ ಹೊರಗೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಪೂರ್ತಿ ನಂಬುವಂತಿಲ್ಲ. ಅದರ ಕಣ್ಣು ತಪ್ಪಿಸುವ ಹೃದಯದೋಷಗಳಲ್ಲಿ ಕೊಆರ್ಕ್ಟೇಶನ್ ಮುಂಚೂಣಿಯದು.

ತಾಲ್ಲೂಕು ಆಸ್ಪತ್ರೆಯಲ್ಲಿ ಇದರ ಪತ್ತೆಗೆ ಬೇಕಾದ್ದು ದೊಡ್ಡ ಯಂತ್ರವಲ್ಲ. ತೊಡೆಸಂದಿಯಲ್ಲಿ ಎರಡು ಬೆರಳಿಟ್ಟು ನಾಡಿ ನೋಡಬೇಕು. ಅದೇ ಹೊತ್ತಿಗೆ ಬಲ ಮುಂಗೈಯ ನಾಡಿಯನ್ನೂ ಹಿಡಿದಿರಬೇಕು. ಕಾಲಿನದು ಕ್ಷೀಣವಾಗಿಯೋ ತಡವಾಗಿಯೋ ಬಂದರೆ ಬಿಪಿ ನಾಲ್ಕು ಕಡೆ ಅಳೆಯಬೇಕು. ಎಡಗೈಯನ್ನಷ್ಟೇ ಅಳೆದರೆ ಮೋಸ ಹೋಗಬಹುದು, ಕೆಲವರಲ್ಲಿ ಆ ಕೈಗೆ ಹೋಗುವ ನಾಳವೇ ಕಿರಿದಾದ ಜಾಗದಿಂದ ಹೊರಟಿರುತ್ತದೆ. ‘ಬಲಗೈ 130, ಬಲಗಾಲು 85, ತೊಡೆಸಂದಿ ನಾಡಿ ಕ್ಷೀಣ’ ಎಂಬ ಒಂದು ಸಾಲು ಚೀಟಿಯಲ್ಲಿದ್ದರೆ ಮುಂದಿನ ಆಸ್ಪತ್ರೆಯವರು ಏನು ಹುಡುಕಬೇಕೆಂದು ತಿಳಿದೇ ಎಕೋ ಮಾಡುತ್ತಾರೆ. ಎಕೋದಲ್ಲಿ ಖಚಿತವಾದರೆ 24.9 ಹೋಗಿ 25.1 ಬರುತ್ತದೆ.

ಚಿಕ್ಕಂದಿನಲ್ಲಿ ಯಾರ ಕೈಗೂ ಸಿಗದೆ ಬೆಳೆದವರೂ ಇರುತ್ತಾರೆ. ಇಪ್ಪತ್ತೈದರ ಹುಡುಗ ತಲೆನೋವೆಂದು ಬಂದು, ಬಿಪಿ ಹೆಚ್ಚಿದೆ ಎಂದು ಗುಳಿಗೆ ಬರೆಸಿಕೊಂಡು ಹೋಗುತ್ತಾನೆ. ಸಂಕೇತ ಐ 10, ಕಾರಣ ಗೊತ್ತಿಲ್ಲದ ರಕ್ತದೊತ್ತಡ. ಕಾಲಿನ ನಾಡಿ ಮುಟ್ಟಿದ್ದರೆ ಕಾರಣ ಅಲ್ಲೇ ಸಿಗುತ್ತಿತ್ತೇನೋ.

ಸಲಕರಣೆಗಳಿಗೆ ಕೊರತೆಯಿಲ್ಲ. 2014ರಲ್ಲಿ ಭಾರತ ವೈದ್ಯಕೀಯ ಪದಗಳ ಸಂಕೇತಾವಳಿಯಾದ ಸ್ನೋಮೆಡ್ ಸಿಟಿಯ ಸದಸ್ಯ ದೇಶವಾಯಿತು, 2016ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಯ ಪರಿಷ್ಕೃತ ಮಾನದಂಡ ಬಂತು, 2021ರಿಂದ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಹಂಚಿಕೆಯಾಗುತ್ತಿದೆ. ಆದರೂ ಹದಿನಾಲ್ಕು ಅಂಕಿಯ ಆ ಸಂಖ್ಯೆಯ ಹಿಂದೆ ಡಿಸ್ಚಾರ್ಜ್ ಸಮ್ಮರಿಯ ಮಸುಕು ಫೋಟೊ ಮಾತ್ರ ಇದ್ದರೆ ಕಂಪ್ಯೂಟರ್ ಅದರಿಂದ ಎಣಿಸುವುದೇನು? ಕೊಆರ್ಕ್ಟೇಶನ್ ಸರಿಪಡಿಸಿದ ಜಾಗ ಮತ್ತೆ ಕಿರಿದಾಗಬಹುದು, ಉಬ್ಬಬಹುದು, ಬಿಪಿ ಮರಳಬಹುದು. ಹಾಗಾಗಿ ಸಮ್ಮರಿಯಲ್ಲಿ ಯಾವ ಬಗೆಯ ಶಸ್ತ್ರಚಿಕಿತ್ಸೆ, ಮನೆಗೆ ಹೋಗುವ ದಿನ ಕೈಕಾಲಿನ ಬಿಪಿ ಎಷ್ಟಿತ್ತು, ಕವಾಟದಲ್ಲಿ ದೋಷವಿದೆಯೇ, ಮುಂದಿನ ಎಕೋ ಯಾವಾಗ ಎಂಬುದಿರಬೇಕು. ಕೊನೆಯ ಎರಡು ಸಾಲು ಕನ್ನಡದಲ್ಲೂ ಇದ್ದರೆ ಮುನವಳ್ಳಿಯ ಆಶಾ ಕಾರ್ಯಕರ್ತೆಗೂ ಓದಲು ಬರುತ್ತದೆ.