ಅಪಸ್ವರವೂ ಅವನದೇ ಆದರೆ

ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ಕೆಡುಕನ್ನು ಹುಟ್ಟುವ ಮೊದಲೇ ಯಾಕೆ ತಡೆಯಲಿಲ್ಲ? ಮಕ್ಕಳು ಸಲೀಸಾಗಿ ಕೇಳುವ, ದೊಡ್ಡವರು ಉತ್ತರಿಸಲು ತಡವರಿಸುವ ಈ ಪ್ರಶ್ನೆಯನ್ನು ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ತಾವೇ ಕಟ್ಟಿದ ಪುರಾಣದೊಳಗೆ ಅರ್ಧ ಶತಮಾನ ಹೊತ್ತು ನಡೆದರು. ಜೆ.ಆರ್.ಆರ್. ಟೋಲ್ಕಿನ್ (1892–1973) ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾ. ಆ ಕಥೆಯ ಬೇರು ಬಹಳ ಹಿಂದಿನದು.

1916ರಲ್ಲಿ ಟೋಲ್ಕಿನ್ ಫ್ರಾನ್ಸಿನ ಸೋಮ್ ಯುದ್ಧರಂಗದಲ್ಲಿದ್ದರು. ಶಾಲೆಯ ದಿನಗಳ ಆಪ್ತ ಗೆಳೆಯರಲ್ಲಿ ಇಬ್ಬರು ಅದೇ ವರ್ಷ ಸತ್ತರು. ಇವರು ಜ್ವರ ಹಿಡಿದು ಇಂಗ್ಲೆಂಡಿಗೆ ಮರಳಿದರು. ಯುದ್ಧ ಮುಗಿದ ಮೇಲೆ, ಆಕ್ಸ್‌ಫರ್ಡಿನ ನಿಘಂಟು ಕಚೇರಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ಸೃಷ್ಟಿಯ ಕಥೆ ಬರೆದರು.

ಅದರಲ್ಲಿ ಲೋಕ ಹುಟ್ಟುವುದು ಹಾಡಿನಿಂದ. ಏಕದೇವ ಇಲೂವತಾರ್ ತಾನು ಸೃಷ್ಟಿಸಿದ ಚೇತನಗಳಿಗೆ ಒಂದು ರಾಗ ಕೊಟ್ಟು ಹಾಡಲು ಹೇಳುತ್ತಾನೆ. ಅವರಲ್ಲೇ ಬಲಶಾಲಿಯಾದ ಮೆಲ್ಕೋರ್ ತನ್ನದೇ ಸ್ವರ ಎತ್ತುತ್ತಾನೆ. ಪಕ್ಕದವರು ದಿಕ್ಕೆಡುತ್ತಾರೆ, ಕೆಲವರು ಅವನ ಜೊತೆಗೂಡುತ್ತಾರೆ. ದೇವರು ಅವನ ಬಾಯಿ ಮುಚ್ಚಿಸುವುದಿಲ್ಲ. ಹೊಸ ರಾಗ ಎತ್ತಿಕೊಂಡು ಆ ಅಪಸ್ವರವನ್ನೂ ಅದರೊಳಗೆ ಹೆಣೆಯುತ್ತಾನೆ. ಮೆಲ್ಕೋರ್ ಕೊರೆಯುವ ಚಳಿಯನ್ನು ತಂದ, ಅದರಿಂದ ಹಿಮದ ಹರಳು ಮೂಡಿತು. ಸುಡುವ ಬಿಸಿ ತಂದ, ನೀರು ಮೋಡವಾಗಿ ಮೇಲೇರಿತು.

ಹಿಮಕ್ಕೂ ಮೋಡಕ್ಕೂ ಈ ಉತ್ತರ ಸೊಗಸಾಗಿ ಹೊಂದುತ್ತದೆ. ಸೋಮ್‌ನಲ್ಲಿ ಸತ್ತ ಹುಡುಗರಿಗೆ?

ಇಬ್ಲೀಸನ ಕಥೆ ಬಲ್ಲವರಿಗೆ ಮೆಲ್ಕೋರ್ ಅಪರಿಚಿತನಲ್ಲ. ಆದರೆ ಇಬ್ಲೀಸ್ ಬಾಗಲು ಒಲ್ಲೆನೆಂದವನು. ಇವನು ತಾನೇ ಸೃಷ್ಟಿಸಬೇಕೆಂದವನು. ಟೋಲ್ಕಿನ್ ಕ್ಯಾಥೊಲಿಕ್ ಶ್ರದ್ಧೆಯಲ್ಲಿ ಬೆಳೆದವರು. ಕೆಡುಕಿಗೆ ಸ್ವಂತ ಅಸ್ತಿತ್ವವಿಲ್ಲ, ಅದು ಒಳಿತಿನ ಕೊರತೆ ಮಾತ್ರ ಎಂದ ಸಂತ ಅಗಸ್ಟೀನರ (354–430) ವಿಚಾರ ಅವರ ಬೆನ್ನಿಗಿತ್ತು. ಹಾಗಾಗಿ ಮೆಲ್ಕೋರ್ ಕೆಡಿಸಬಲ್ಲ, ಹೊಸ ಜೀವ ಕೊಡಲಾರ. ವಿಧಿಯ ವಿಷಯದಲ್ಲೂ ಅವರು ಒಂದು ಬಾಗಿಲು ತೆರೆದಿಟ್ಟರು. ಹಾಡು ಉಳಿದೆಲ್ಲಕ್ಕೂ ವಿಧಿಯಾದರೂ ಮನುಷ್ಯರಿಗೆ ಅದನ್ನು ದಾಟುವ ವರವಿದೆ. ಮುಂದಾಗುವುದರ ದರ್ಶನವನ್ನು ಆ ಚೇತನಗಳಿಗೆ ತೋರಿಸಿದ ದೇವರು ಅದನ್ನು ಕೊನೆಗಾಣುವ ಮೊದಲೇ ಮರೆಮಾಡುತ್ತಾನೆ. ಪೂರ್ತಿ ಬಲ್ಲವನು ಅವನೊಬ್ಬನೇ. ಆದರೆ ಬಲ್ಲವನು ತಡೆಯಲಿಲ್ಲ ಎಂಬ ಮೂಲಪ್ರಶ್ನೆ ಇದರಿಂದ ಕದಲುವುದಿಲ್ಲ ಎಂದೇ ನಮಗೆ ಅನ್ನಿಸುತ್ತದೆ.

ಅದು ನಿಜಕ್ಕೂ ಚುಚ್ಚಿದ್ದು ಓರ್ಕರ ವಿಷಯದಲ್ಲಿ. ಮೆಲ್ಕೋರನ, ಅವನ ನಂತರ ಸೌರೋನನ ಸೈನ್ಯದಲ್ಲಿ ಸಾವಿರಗಟ್ಟಲೆ ಸಾಯುವ, ಓದುಗರು ಕನಿಕರಪಡದ ಜೀವಿಗಳು ಇವರು. ಮೊದಲ ಬರಹಗಳಲ್ಲಿ ಮೆಲ್ಕೋರನೇ ಅವರನ್ನು ಕೆಸರಿನಿಂದ ಮಾಡಿದ್ದ. ಕೆಡುಕು ಸೃಷ್ಟಿಸಲಾರದೆಂದು ಗಟ್ಟಿಯಾದ ಮೇಲೆ ಅದು ನಿಲ್ಲಲಿಲ್ಲ. ಸೆರೆ ಸಿಕ್ಕ ಎಲ್ಫರನ್ನು ಹಿಂಸಿಸಿ ಕೆಡಿಸಿದ್ದೆಂದರು. ಹಾಗಾದರೆ ಅವರಿಗೂ ಆತ್ಮವಿದೆ, ಬಿಡುಗಡೆಯ ಹಕ್ಕೂ ಇದೆ! 1954ರಲ್ಲಿ ಕ್ಯಾಥೊಲಿಕ್ ಪುಸ್ತಕದಂಗಡಿಯವರೊಬ್ಬರು ಇಂಥದೇ ಪ್ರಶ್ನೆಗಳನ್ನು ಕೇಳಿ ಬರೆದಾಗ ಟೋಲ್ಕಿನ್ ಉದ್ದನೆಯ ಉತ್ತರ ಬರೆಯತೊಡಗಿದರು. ಓರ್ಕರು ಎಂದೂ ಉದ್ಧಾರವಾಗದವರು ಎನ್ನಲು ಅವರಿಗೆ ಮನಸ್ಸಾಗಲಿಲ್ಲ. ಆ ಕಾಗದವನ್ನು ಅವರು ಕಳಿಸಲೇ ಇಲ್ಲ.

ಮುಂದೆ ಇನ್ನೊಂದು ದಾರಿ ಹುಡುಕಿದರು: ಓರ್ಕರು ಬರಿಯ ಪ್ರಾಣಿಗಳು, ಅವರ ಮಾತು ಒಡೆಯ ಒಳಗೆ ತುಂಬಿಟ್ಟ ಧ್ವನಿಮುದ್ರಿಕೆ. ಆದರೆ ಅವರದೇ ಕಾದಂಬರಿಯಲ್ಲಿ ಇಬ್ಬರು ಓರ್ಕರು ಕತ್ತಲ ಸುರಂಗದಲ್ಲಿ ಮೇಲಿನವರನ್ನು ಬೈದುಕೊಳ್ಳುತ್ತ, ಯುದ್ಧ ಮುಗಿದರೆ ನಂಬಿಕಸ್ತ ಹುಡುಗರನ್ನು ಕಟ್ಟಿಕೊಂಡು ದೊಡ್ಡ ಯಜಮಾನರಿಲ್ಲದ ಕಡೆ ಹೋಗಿಬಿಡೋಣ ಎಂದು ಮಾತಾಡಿಕೊಳ್ಳುತ್ತಾರೆ. ಅವರು ಆಸೆಪಡುವುದೂ ಕೊಳ್ಳೆ ಹೊಡೆದು ಬದುಕುವುದಕ್ಕೇ, ನಿಜ. ಆದರೂ ಬೇಸತ್ತ ಸಿಪಾಯಿಗಳ ಮಾತಿದು. ಕಂದಕದಲ್ಲಿ ಇಂಥ ಮಾತು ಕೇಳಿದ್ದ ಲೇಖಕ ಅದನ್ನು ಶತ್ರುವಿನ ಬಾಯಿಗೂ ಕೊಟ್ಟುಬಿಟ್ಟಿದ್ದರು. ಯಾವ ಸಿದ್ಧಾಂತವೂ ಅದನ್ನು ಹಿಂದಕ್ಕೆ ಪಡೆಯುವಂತಿರಲಿಲ್ಲ.

ಅವರು ತೀರಿಕೊಂಡ ಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ 'ದಿ ಸಿಲ್ಮರಿಲಿಯನ್' ಪ್ರಕಟಿಸಿದರು. ಅದರಲ್ಲಿ ಉಳಿದಿದ್ದು ಕೆಟ್ಟ ಎಲ್ಫರ ಕಥೆಯೇ. ತಂದೆ ಬರೆದು ಹೊಡೆದುಹಾಕಿ ಮತ್ತೆ ಬರೆದ ಟಿಪ್ಪಣಿಗಳು ಅಚ್ಚಾಗಿದ್ದು 1993ರಲ್ಲಿ. ಅಲ್ಲಿ ಓರ್ಕರು ಒಂದು ಹಾಳೆಯಲ್ಲಿ ಪ್ರಾಣಿಗಳು, ಇನ್ನೊಂದರಲ್ಲಿ ಕೆಟ್ಟುಹೋದ ಮನುಷ್ಯರು.