ಒತ್ತು, ಹಿಡಿ, ಬಿಡು: ಬ್ರೇಕ್ ಎಣ್ಣೆಯ ಹಿಂದಿನ ಕಥೆ

ಮನೆಯಲ್ಲೇ ಕಾರಿನ ಬ್ರೇಕ್ ಫ್ಲೂಯಿಡ್ ಬದಲಾಯಿಸೋಕೆ ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಪಕ್ಕ ನೆಲದ ಮೇಲೆ ಕೂತು ಬ್ಲೀಡರ್ ಸ್ಕ್ರೂ ತಿರುಗಿಸಬೇಕು. ನಮ್ಮ ಮನೆಯಲ್ಲಿ ಪೆಡಲ್ ಮಗಳ ಕೆಲಸ. ನಾನು "ಒತ್ತು" ಅಂದ್ರೆ ಒತ್ತುತ್ತಾಳೆ. "ಹಿಡಿ" ಅಂದ್ರೆ ಕಾಲು ತೆಗೆಯದೆ ಹಿಡಿದಿರ್ತಾಳೆ. ನಾನು ಸ್ಕ್ರೂ ಸ್ವಲ್ಪ ಸಡಿಲ ಮಾಡಿದಾಗ ಹಳೆಯ ಎಣ್ಣೆ ಪ್ಲಾಸ್ಟಿಕ್ ನಳಿಗೆಯಿಂದ ಬಾಟಲಿಗೆ ಇಳಿಯುತ್ತೆ, ಪೆಡಲ್ ಕೆಳಗೆ ಹೋಗುತ್ತೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಮಾತ್ರ "ಬಿಡು". ಈ ಕೊನೇ ಮಾತು ಒಂದು ಕ್ಷಣ ಮೊದಲೇ ಬಂದ್ರೆ ಪೈಪು ಗಾಳಿ ಎಳೆದುಕೊಳ್ಳುತ್ತೆ, ಮಾಡಿದ್ದೆಲ್ಲ ವ್ಯರ್ಥ.

ಹೋದ ಸಲ ಅವಳು ಒಂದು ಪ್ರಶ್ನೆ ಕೇಳಿದಳು. ಎಂಜಿನ್ ಆಯಿಲ್ ಕೊಳೆಯಾಗುತ್ತೆ, ಬದಲಾಯಿಸ್ತೀವಿ, ಸರಿ. ಇದು ಮುಚ್ಚಿದ ಪೈಪಿನೊಳಗೆ ಸುಮ್ಮನೆ ಕೂತಿರೋ ಎಣ್ಣೆ ಅಲ್ವಾ, ಇದಕ್ಕೇನಾಗುತ್ತೆ? ಒಳ್ಳೆ ಪ್ರಶ್ನೆ. ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗಬೇಕು.

ತತ್ವವಂತೂ ಇನ್ನೂ ಹಳೆಯದು. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತೆ ಅಂತ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲೇ ಬರೆದಿದ್ದ. ಆದರೂ ಮೊದಲ ಕಾರುಗಳ ಬ್ರೇಕಿಗೆ ಇದ್ದದ್ದು ಕಡ್ಡಿ, ಕೇಬಲ್, ಸನ್ನೆ. ನಾಲ್ಕು ಚಕ್ರಕ್ಕೂ ಅವನ್ನು ಒಂದೇ ಬಿಗಿಯಲ್ಲಿ ಇಡೋದು ದೊಡ್ಡ ತಲೆನೋವು. ಒಂದು ಸಡಿಲವಾದರೆ ಬ್ರೇಕ್ ಹಾಕಿದಾಗ ಕಾರು ಪಕ್ಕಕ್ಕೆ ಎಳೆಯುತ್ತಿತ್ತು.

ದ್ರವವನ್ನು ಈ ಕೆಲಸಕ್ಕೆ ಹಚ್ಚಿದವರಲ್ಲಿ ಮುಖ್ಯ ಹೆಸರು ಕ್ಯಾಲಿಫೋರ್ನಿಯಾದ ಮಾಲ್ಕಮ್ ಲಾಕ್‌ಹೀಡ್. ಹೌದು, ವಿಮಾನ ಕಂಪನಿಯ ಅದೇ ಲಾಕ್‌ಹೀಡ್. ಮಾಲ್ಕಮ್ ಮತ್ತು ತಮ್ಮ ಆಲನ್ ಸೇರಿ ಕಟ್ಟಿದ ವಿಮಾನ 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮೇಲೆ ಹಾರಿತ್ತು. ಅವರ ಮನೆತನದ ಹೆಸರಿನ ನಿಜವಾದ ಕಾಗುಣಿತ ಬೇರೆ. ಜನ ಅದನ್ನು 'ಲಾಗ್-ಹೆಡ್' ಅಂತ ಓದುತ್ತಿದ್ದರಂತೆ, ಬೇಸತ್ತು ಉಚ್ಚಾರಕ್ಕೆ ತಕ್ಕಂತೆ ಬರೆಯತೊಡಗಿದರು. ಕಾಫಿ ಅಂಗಡಿಯಲ್ಲಿ ತಮ್ಮ ಹೆಸರು ಹೇಳಿ ಹೇಳಿ ಸಾಕಾದ ನಮ್ಮವರಿಗೆ ಈ ಕಷ್ಟ ವಿವರಿಸಬೇಕಿಲ್ಲ.

1921ರ ಜುಲೈನಲ್ಲಿ ಫ್ರಾನ್ಸಿನ ಲೆ ಮಾನ್ಸ್ ಊರಿನಲ್ಲಿ ಫ್ರೆಂಚ್ ಗ್ರಾಂಡ್ ಪ್ರಿ ನಡೆಯಿತು. ಅಭ್ಯಾಸದಲ್ಲಿ ಅಪಘಾತವಾಗಿ ಗಾಯಗೊಂಡಿದ್ದ ಅಮೆರಿಕದ ಜಿಮ್ಮಿ ಮರ್ಫಿ, ಮೈಗೆ ಪಟ್ಟಿ ಬಿಗಿದುಕೊಂಡೇ ಓಡಿಸಿ ಗೆದ್ದ. ಅವನ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕ್ ಇತ್ತು. ಅದೇ ಕಂಪನಿಯ ಮಾಡೆಲ್ ಎ ಇಂಥ ಬ್ರೇಕನ್ನು ಶ್ರೀಮಂತರಿಗೆ ಮಾರಿತು. 1924ರಲ್ಲಿ ಬಂದ ಕ್ರೈಸ್ಲರ್ ಅದನ್ನು ಮಧ್ಯಮ ಬೆಲೆಯ ಕಾರಿಗೂ ತಂದಿತು.

ಆದರೆ ಒತ್ತಡ ಕಳಿಸೋದು ಸುಲಭ, ಸೋರದಂತೆ ನೋಡಿಕೊಳ್ಳೋದೇ ಕಷ್ಟ. ಮೊದಲ ಬ್ರೇಕುಗಳಲ್ಲಿ ಚರ್ಮದ ಬಿಲ್ಲೆಗಳಿದ್ದವು, ಅವು ಸೋರುತ್ತಿದ್ದವು. ಕ್ರೈಸ್ಲರ್ ಎಂಜಿನಿಯರುಗಳು ಚರ್ಮ ತೆಗೆದು ರಬ್ಬರ್ ಹಾಕಿದರು. ಅಲ್ಲಿಂದ ಮುಂದೆ, ನನಗೆ ಕಾಣೋ ಹಾಗೆ, ಇಡೀ ಕಥೆಯನ್ನು ನಡೆಸಿದ್ದು ರಬ್ಬರೇ. ಯಾಕಂದ್ರೆ ಪೆಟ್ರೋಲಿಯಂ ಎಣ್ಣೆ ಹಾಕಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಕೆಡುತ್ತೆ. ರಬ್ಬರಿಗೆ ತೊಂದರೆ ಕೊಡದ ಎಣ್ಣೆ ಬೇಕಿತ್ತು. ಸಿಕ್ಕಿದ್ದು ಯಾವುದು ಗೊತ್ತಾ? ಹರಳೆಣ್ಣೆ!

ಉತ್ತರ ಕರ್ನಾಟಕದವರಿಗೆ ಔಡಲೆಣ್ಣೆ. ಅಜ್ಜಿ ತಲೆಗೆ ತಟ್ಟಿ ಅಭ್ಯಂಜನ ಮಾಡಿಸುತ್ತಿದ್ದ, ಹೊಟ್ಟೆ ಕಟ್ಟಿದರೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ದಶಕಗಳ ಕಾಲ ಅದು ಕಾರುಗಳ ಬ್ರೇಕ್ ಪೈಪಿನಲ್ಲಿತ್ತು. ಬರೀ ಹರಳೆಣ್ಣೆ ಬಲು ಮಂದ, ಚಳಿಗೆ ಇನ್ನೂ ಗಟ್ಟಿ. ಅದಕ್ಕೇ ಆಲ್ಕೋಹಾಲ್ ಬೆರೆಸುತ್ತಿದ್ದರು. ಸಮಸ್ಯೆ ಹುಟ್ಟಿದ್ದು ಅಲ್ಲೇ: ಸಾಮಾನ್ಯ ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತೆ, ಅಂದ್ರೆ ನೀರಿಗಿಂತ ಮೊದಲು.

ಬ್ರೇಕ್ ಅಂದ್ರೆ ಓಟದ ಶಕ್ತಿಯನ್ನು ಬಿಸಿಯಾಗಿ ಬದಲಾಯಿಸೋ ಯಂತ್ರ. ಆಗುಂಬೆ ಘಾಟಿ ಇಳಿದವರಿಗೆ ಆ ಸುಟ್ಟ ವಾಸನೆ ನೆನಪಿರಬಹುದು. ಕೊಲೊರಾಡೋದ ಪೈಕ್ಸ್ ಪೀಕ್ ಇಳಿಯುವಾಗ ರೇಂಜರ್‌ಗಳು ಕಾರು ನಿಲ್ಲಿಸಿ ಬ್ರೇಕಿನ ಬಿಸಿ ಅಳೆಯೋದೂ ಇದಕ್ಕೇ. ದ್ರವ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತೆ. ದ್ರವ ಹಿಂಡಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನೀವು ಪೆಡಲ್ ಒತ್ತುತ್ತೀರಿ, ಅದು ನೆಲಕ್ಕೆ ಮುಟ್ಟುತ್ತೆ, ಕಾರು ನಿಲ್ಲಲ್ಲ. ಗಾಳಿ ಹೊಕ್ಕರೂ ಇದೇ ಗತಿ. ಮಗಳಿಗೆ "ಬಿಡು" ಅನ್ನೋ ಮುಂಚೆ ನಾನು ಎರಡು ಸಲ ಸ್ಕ್ರೂ ಮುಟ್ಟಿ ನೋಡೋದು ಅದಕ್ಕೆ.

ಡ್ರಮ್ ಬ್ರೇಕ್ ಇರುವವರೆಗೆ ಹೇಗೋ ನಡೆಯಿತು. 1953ರಲ್ಲಿ ಅದೇ ಲೆ ಮಾನ್ಸ್‌ನಲ್ಲಿ, 24 ಗಂಟೆಯ ಓಟವನ್ನು ಡನ್‌ಲಪ್ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಗೆದ್ದಿತು. ಮುಂದೆ ಡಿಸ್ಕ್ ಮನೆಯ ಕಾರಿಗೂ ಬಂತು. ಅದರಲ್ಲಿ ದ್ರವವಿರುವ ಕ್ಯಾಲಿಪರ್ ಬಿಸಿ ತಟ್ಟೆಯ ಪಕ್ಕಕ್ಕೇ ಅಂಟಿಕೊಂಡಿರುತ್ತೆ. ಹರಳೆಣ್ಣೆ-ಆಲ್ಕೋಹಾಲ್ ಮಿಶ್ರಣಕ್ಕೆ ಅದು ಜಾಗವಲ್ಲ. ಗ್ಲೈಕಾಲ್ ಈಥರ್ ಅನ್ನೋ ಕೃತಕ ದ್ರವಗಳು ಅದರ ಜಾಗ ಹಿಡಿದವು. ರಬ್ಬರಿಗೆ ಹೊಂದುತ್ತವೆ, ಚಳಿಗೆ ಗಟ್ಟಿಯಾಗಲ್ಲ, ಬೇಗ ಕುದಿಯಲ್ಲ. ಒಂದೇ ಚಟ: ನೀರು ಕುಡಿಯುತ್ತವೆ.

ಮಗಳ ಪ್ರಶ್ನೆಗೆ ಉತ್ತರ ಇದೇ. ಪೈಪು ಪೂರ್ತಿ ಮುಚ್ಚಿಲ್ಲ. ರಬ್ಬರ್ ಹೋಸ್ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ಗಾಳಿಯ ತೇವ ಒಳಗೆ ನುಸುಳುತ್ತೆ, ದ್ರವ ಅದನ್ನು ಕರಗಿಸಿಕೊಳ್ಳುತ್ತೆ. ಅಮೆರಿಕದ ಮಾನದಂಡದಲ್ಲಿ ಇದಕ್ಕೇ ಎರಡು ಅಂಕಿ ಇವೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ 140 ಡಿಗ್ರಿ ತಾಳಿದರೂ ಸಾಕು. ಡಾಟ್ 4ಕ್ಕೆ ಅದು 230 ಮತ್ತು 155. ಅಷ್ಟು ಚೂರು ನೀರಿಗೆ ಇಷ್ಟು ದೊಡ್ಡ ಇಳಿತ, ನೋಡಿ.

ಹಾಗಾದ್ರೆ ನೀರು ಕುಡಿಯದ ದ್ರವ ಇಲ್ವಾ? ಇದೆ. ಸಿಲಿಕೋನ್‌ನಿಂದ ಮಾಡಿದ ಡಾಟ್ 5. ಅಮೆರಿಕದ ಸೇನೆ ತನ್ನ ವಾಹನಗಳಿಗೆ ಅದನ್ನು ಬಳಸಿತು. ಆದರೆ ಅದರಲ್ಲಿ ನುಸುಳಿದ ನೀರು ಕರಗದೆ ಹನಿಯಾಗಿ ತಗ್ಗಿನಲ್ಲಿ ನಿಲ್ಲುತ್ತೆ. ತಗ್ಗು ಅಂದ್ರೆ ಚಕ್ರದ ಹತ್ತಿರ, ಅತಿ ಬಿಸಿಯ ಜಾಗ. ಅಲ್ಲಿ 100 ಡಿಗ್ರಿಗೆ ಕುದಿಯುತ್ತೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ, ಕಬ್ಬಿಣ ತುಕ್ಕು ಹಿಡಿಸುತ್ತೆ. ಅದಕ್ಕಿಂತ ನೀರನ್ನು ನುಂಗಿ ನಿಧಾನವಾಗಿ ಕೆಡುವ, ಆಗಾಗ ಚೆಲ್ಲಿ ಬದಲಾಯಿಸಬಹುದಾದ ದ್ರವವೇ ವಾಸಿ ಅಂತ ಕಾರು ಲೋಕ ಒಪ್ಪಿಕೊಂಡಿದೆ. ನನಗೂ ಸರಿ ಅನ್ಸುತ್ತೆ, ಅಂಗಿಗೆ ಗ್ರೀಸ್ ಆದರೂ. ಅಂದ ಹಾಗೆ ಡಾಟ್ 5.1 ಮತ್ತೆ ಗ್ಲೈಕಾಲ್ ಜಾತಿಯದೇ. ಹೆಸರು ಇಟ್ಟವರಿಗೆ ದೊಡ್ಡ ನಮಸ್ಕಾರ. ಅಂಗಡಿಯಲ್ಲಿ 5 ಮತ್ತು 5.1 ಅದಲುಬದಲು ಮಾಡಿಕೊಳ್ಳಬೇಡಿ, ಬೆರೆಸಲೂ ಬೇಡಿ.

ನೀವೇ ಮಾಡೋದಾದರೆ ಯಾವ ಚಕ್ರ ಮೊದಲು ಅಂತ ನಿಮ್ಮ ಕಾರಿನ ಕೈಪಿಡಿ ನೋಡಿ. ಸಾಮಾನ್ಯವಾಗಿ ಅತಿ ದೂರದ್ದು ಮೊದಲು, ಆದರೆ ಎಲ್ಲ ಕಾರಿಗೂ ಅಲ್ಲ. ಕೆಲವು ಕಾರಿನ ಎಬಿಎಸ್‌ಗೆ ಸ್ಕ್ಯಾನರ್ ಬೇಕು. ನಡುವೆ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಹಳೆಯದನ್ನು ಚರಂಡಿಗೆ ಸುರಿಯಬೇಡಿ. ಮುಗಿದ ಮೇಲೆ ಪೆಡಲ್ ಗಟ್ಟಿಯಾಗಿದೆಯಾ ಅಂತ ನೋಡದೆ ಕಾರು ಹೊರಗೆ ತೆಗೀಬೇಡಿ.

ಇವತ್ತು ಸಂಜೆ ಒಮ್ಮೆ ಬಾನೆಟ್ ಎತ್ತಿ ಬ್ರೇಕ್ ಡಬ್ಬಿಯ ಮುಚ್ಚಳ ನೋಡಿ. ಅಮೆರಿಕದ ಕಾರಾದರೆ ಕಾನೂನಿನ ಪ್ರಕಾರ ಅಲ್ಲೇ ಒಂದು ಎಚ್ಚರಿಕೆ ಇರಬೇಕು: ತೆಗೆಯೋ ಮೊದಲು ಮುಚ್ಚಳ ಒರೆಸಿ, ಸೀಲ್ ಇರುವ ಡಬ್ಬಿಯ ದ್ರವವನ್ನೇ ಹಾಕಿ, ಅಂತ. ಸೀಲ್ ಯಾಕೆ ಅಂತ ಮಗಳಿಗೆ ಈಗ ಗೊತ್ತು. ಗ್ಯಾರೇಜಿನ ಮೂಲೆಯಲ್ಲಿ ಎರಡು ವರ್ಷದಿಂದ ಅರ್ಧ ಉಳಿದಿದ್ದ ಬಾಟಲಿಯನ್ನು ಅವಳೇ ಎಸೆಯೋ ಸಾಮಾನಿನ ಪೆಟ್ಟಿಗೆಗೆ ಹಾಕಿದಳು.