ಎಣ್ಣೆ ಸುಡುವ ಎಂಜಿನ್‌ಗೆ ಯಾವ ಎಣ್ಣೆ?

ರೋಟರಿ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೂ ಇಲ್ಲ. ಮೂರು ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಅದರ ಮೂರು ತುದಿಗಳಲ್ಲಿರುವ ಏಪೆಕ್ಸ್ ಸೀಲ್‌ಗಳು ಗೂಡಿನ ಗೋಡೆಯನ್ನು ಸವರುತ್ತಲೇ ಇರುತ್ತವೆ. ಆ ಗೋಡೆ ಒಣಗದಂತೆ ಸಣ್ಣ ಪಂಪೊಂದು ಎಂಜಿನ್ ಆಯಿಲನ್ನೇ ಹನಿಹನಿಯಾಗಿ ಉಣಿಸುತ್ತದೆ. ಆ ಆಯಿಲ್ ಪೆಟ್ರೋಲಿನೊಂದಿಗೆ ಉರಿದು ಸೈಲೆನ್ಸರಿನಿಂದ ಹೊರಬೀಳುತ್ತದೆ. ಮಾಜ್ದಾದ ಆರ್‌ಎಕ್ಸ್-7, ಆರ್‌ಎಕ್ಸ್-8 ಕಾರುಗಳಲ್ಲಿ ಆಯಿಲ್ ಇಳಿಯುವುದು ಕಾಯಿಲೆಯ ಲಕ್ಷಣವಲ್ಲ, ಎಂಜಿನ್ನಿನ ಸ್ವಭಾವ.

ಈ ಕಾರುಗಳು ಭಾರತದ ಶೋರೂಮಿಗೆ ಬರಲೇ ಇಲ್ಲ. ಇಲ್ಲಿರುವುದು ಆಸಕ್ತರು ತಾವಾಗಿ ತರಿಸಿಕೊಂಡ ಬೆರಳೆಣಿಕೆಯ ಗಾಡಿಗಳು. ಹಾಗಿದ್ದರೂ ಎಣ್ಣೆ ಸುಡುವ ಎಂಜಿನ್ನಿಗೆ ಎಂಥ ಎಣ್ಣೆ ಬೇಕು ಎಂಬ ಪಾಠವನ್ನು ದೆಹಲಿ ದೊಡ್ಡ ಬೆಲೆ ತೆತ್ತು ಕಲಿತಿದೆ. ಕಲಿಸಿದ್ದು ಟೂ-ಸ್ಟ್ರೋಕ್ ಗಾಡಿಗಳು.

ಅಳತೆ ತಪ್ಪಿದ ಕಾಲ

1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬೈಕ್ ತಯಾರಿಸತೊಡಗಿತು. ದೆಹಲಿಯ ಪಕ್ಕದ ಫರೀದಾಬಾದಿನಿಂದ ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಬಂತು. ಸ್ಕೂಟರು, ಆಟೋಗಳೂ ಸೇರಿ ದಶಕಗಳ ಕಾಲ ದೇಶದ ರಸ್ತೆಗಳನ್ನು ಆಳಿದ್ದು ಟೂ-ಸ್ಟ್ರೋಕ್. ಪೆಟ್ರೋಲಿಗೆ ಶೇ 2ರಷ್ಟು, ಅಂದರೆ ಲೀಟರಿಗೆ 20 ಮಿ.ಲೀ. ಆಯಿಲ್ ಬೆರೆಸಿದರೆ ಸಾಕಾಗುತ್ತಿತ್ತು. ಆದರೆ ಹೆಚ್ಚು ಹಾಕಿದರೆ ಎಂಜಿನ್ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಬಲವಾಗಿತ್ತು. ಬಂಕಿನಲ್ಲಿ ಬಿಡಿಯಾಗಿ ಸಿಗುತ್ತಿದ್ದ ಅಗ್ಗದ ಆಯಿಲ್ ಎಂಥದು ಎಂದು ಕೇಳುವವರಿರಲಿಲ್ಲ. ಪ್ಲಗ್ ಕಪ್ಪಾಗುತ್ತಿತ್ತು, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತಿತ್ತು, ನೀಲಿ ಹೊಗೆ ಬೀದಿ ತುಂಬುತ್ತಿತ್ತು.

1983ರ ರಾಜದೂತ್ 350 ಮತ್ತು 1985ರ ಆರ್‌ಎಕ್ಸ್ 100 ಬೈಕುಗಳು ಯಮಾಹಾದ ಆಟೋಲ್ಯೂಬ್ ವ್ಯವಸ್ಥೆಯನ್ನು ತಂದವು. ಆಯಿಲಿಗೆ ಬೇರೆ ಡಬ್ಬಿ. ಆಕ್ಸಿಲರೇಟರ್ ತಿರುವಿದಷ್ಟಕ್ಕೆ ತಕ್ಕಂತೆ ಪಂಪು ಅಳೆದು ಕೊಡುತ್ತಿತ್ತು. ರೋಟರಿ ಕಾರಿನ ಪಂಪೂ ಮಾಡುವುದು ಇದೇ ಕೆಲಸ. ಆರ್‌ಎಕ್ಸ್ 100 ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ಮಾಜ್ದಾದ ಪಂಪು ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯದು.

1998ರ ತಿರುವು

ದೆಹಲಿಯ ವಾಯುಮಾಲಿನ್ಯದ ಕುರಿತ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈ 28ರಂದು ದೆಹಲಿಗೆ ಗಡುವುಗಳ ಪಟ್ಟಿಯನ್ನೇ ಕೊಟ್ಟಿತು. ಸಿಎನ್‌ಜಿ ಬಸ್ಸುಗಳ ಮಾತು ಎಲ್ಲರಿಗೂ ನೆನಪಿದೆ. ಆಯಿಲಿನ ಮಾತು ಅಷ್ಟು ನೆನಪಿಲ್ಲ. ಆ ವರ್ಷದ ಡಿಸೆಂಬರ್ 31ರೊಳಗೆ ಬಿಡಿ 2ಟಿ (ಟೂ-ಸ್ಟ್ರೋಕ್) ಆಯಿಲ್ ಮಾರಾಟ ನಿಲ್ಲಬೇಕು, ಪೆಟ್ರೋಲಿಗೆ ಆಯಿಲನ್ನು ಅಳತೆಯಲ್ಲಿ ಬೆರೆಸಿಕೊಡುವ ಯಂತ್ರ ಎಲ್ಲ ಬಂಕುಗಳಲ್ಲೂ ಇರಬೇಕು ಎಂದು ಆದೇಶವಾಯಿತು.

ಅಷ್ಟು ಹೊತ್ತಿಗೆ ಆಯಿಲೂ ಸುಧಾರಿಸಿತ್ತು. ಜಪಾನಿನ ಜಾಸೊ ಮಾನದಂಡದಲ್ಲಿ ಎಫ್‌ಬಿ ದರ್ಜೆಯ ಆಯಿಲಿಗೆ ಹೊಗೆ ಸೂಚ್ಯಂಕ 45 ಇದ್ದರೆ ಸಾಕು, ಎಫ್‌ಸಿ ದರ್ಜೆಗೆ 85 ಬೇಕು. ಅಂಕ ಏರಿದಷ್ಟೂ ಹೊಗೆ ಕಡಿಮೆ. ಭಾರವಾದ ಖನಿಜ ತೈಲದ ಜಾಗಕ್ಕೆ ಪಾಲಿಐಸೊಬ್ಯುಟಿಲೀನ್ ಸೇರಿಸಿ ಈ ಗುಣ ತಂದರು. ಎಂಜಿನ್ನನ್ನು ಕಾಯುವುದರ ಜೊತೆಗೆ ಉರಿದ ಮೇಲೆ ಏನಾಗುತ್ತದೆ ಎಂಬುದೂ ಆಯಿಲಿನ ಗುಣವಾಯಿತು.

ಫೋರ್-ಸ್ಟ್ರೋಕ್ ಆಯಿಲಿನ ದಾರಿ

ಕಾರಿನ ಆಯಿಲ್ ಬೆಳೆದದ್ದು ಬೇರೆ ದಿಕ್ಕಿನಲ್ಲಿ. ಅದು ಸಂಪಿನಲ್ಲೇ ಉಳಿದು ಸಾವಿರಾರು ಕಿಲೋಮೀಟರ್ ದುಡಿಯಬೇಕು. ಕೊಳೆ ತೊಳೆಯಲೆಂದು ಅದಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಸೇರಿಸುತ್ತಾರೆ. ಉರಿದಾಗ ಇವು ಬೂದಿಯಾಗುತ್ತವೆ. ಎಫ್‌ಸಿ ದರ್ಜೆಯ 2ಟಿ ಆಯಿಲಿನಲ್ಲಿ ಬೂದಿ ಶೇ 0.25 ಮೀರಬಾರದು; ಸಾಮಾನ್ಯ ಕಾರಿನ ಆಯಿಲಿನಲ್ಲಿ ಶೇ 1ರ ಹತ್ತಿರವಿರುತ್ತದೆ. ರೋಟರಿಯ ತೊಡಕು ಇಲ್ಲೇ ಇದೆ. ಉಳಿಯಲೆಂದು ಮಾಡಿದ ಆಯಿಲನ್ನೇ ಅದು ಉರಿಸುತ್ತದೆ.

ಹಳೆಯ ಅಂಬಾಸಿಡರ್, ಪದ್ಮಿನಿಗಳಿಗೆ ಜಿಂಕ್ ಹೆಚ್ಚಿರುವ ಆಯಿಲ್ ಹಾಕಿ ಎನ್ನುವ ಸಲಹೆ ಸರಿಯಾದದ್ದು. ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜುವಲ್ಲಿ ಅದು ಸವೆತ ತಡೆಯುತ್ತದೆ. ಕ್ಯಾಮ್ ಇಲ್ಲದ ರೋಟರಿಗೆ ಅದೇ ಸಲಹೆ ಹೊಂದುವುದಿಲ್ಲ. ಜಿಂಕ್ ಜೊತೆಗೇ ಬರುವ ರಂಜಕ ಉರಿದು ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ.

ಸಿಂಥೆಟಿಕ್ ಬೇಡ, ಮಿನರಲ್ ಆಯಿಲೇ ಸರಿ ಎಂಬ ವಾದವೂ ಹಳೆಯದು. ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳು ಸೀಲ್‌ಗಳಿಗೆ ಒಗ್ಗುತ್ತವೆಯೇ, ಶುಚಿಯಾಗಿ ಉರಿಯುತ್ತವೆಯೇ ಎಂಬ ಅನುಮಾನ ಅದರ ಬೇರು. ಜಪಾನಿನ ಇದೆಮಿತ್ಸು ರೋಟರಿಗೆಂದೇ ಸಿಂಥೆಟಿಕ್ ಆಯಿಲ್ ತಂದ ಮೇಲೆ ಆ ವಾದ ಸಡಿಲವಾಗಿದೆ.

ದೆಹಲಿ ಎನ್‌ಸಿಆರ್‌ನಲ್ಲಿ ಆಯ್ಕೆ

ಆರ್‌ಎಕ್ಸ್-8ಕ್ಕೆ ಮಾಜ್ದಾ ಅಮೆರಿಕದಲ್ಲಿ 5ಡಬ್ಲ್ಯು-20, ಯೂರೋಪಿನಲ್ಲಿ 5ಡಬ್ಲ್ಯು-30 ಹೇಳಿತ್ತು. ಗುರುಗ್ರಾಮದ ಟ್ರಾಫಿಕ್‌ನಲ್ಲಿ, ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ, ಇವೆರಡರಲ್ಲಿ ತೆಳುವಾದದ್ದನ್ನು ಆರಿಸುವುದಕ್ಕೆ ಕಾರಣ ಕಾಣದು. ರೋಟರನ್ನು ತಣ್ಣಗಿಡುವುದೂ ಈ ಆಯಿಲೇ. ಇಲ್ಲಿಯ ಚಳಿಗೆ 10ಡಬ್ಲ್ಯು-30, 10ಡಬ್ಲ್ಯು-40 ಕೂಡ ನಡೆಯುತ್ತವೆ. ಹಳೆಯ ಆರ್‌ಎಕ್ಸ್-7ಕ್ಕೆ 20ಡಬ್ಲ್ಯು-50 ಮಿನರಲ್ ಹಾಕುವವರು ಜಗತ್ತಿನಾದ್ಯಂತ ಇದ್ದಾರೆ. ರೋಟರಿಯಲ್ಲಿ ಆಯಿಲಿಗೆ ಪೆಟ್ರೋಲ್ ಸೇರಿ ತೆಳುವಾಗುವುದರಿಂದ 5,000 ಕಿ.ಮೀ. ಒಳಗೇ ಬದಲಿಸುವುದು ಕ್ಷೇಮ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡಲೇಬೇಕು.

ಪಂಪು ಸರಿಯಿದ್ದರೂ ಸೀಲ್‌ಗಳ ರಕ್ಷಣೆಗೆಂದು ಅನೇಕ ಮಾಲೀಕರು ಲೀಟರಿಗೆ 4ರಿಂದ 8 ಮಿ.ಲೀ. 2ಟಿ ಆಯಿಲ್ ಬೆರೆಸುತ್ತಾರೆ. ಹಾಗೆ ಬೆರೆಸುವವರು ಎಫ್‌ಸಿ ಅಥವಾ ಎಫ್‌ಡಿ ದರ್ಜೆಯದನ್ನೇ ಕೊಳ್ಳಬೇಕು, ಅಳತೆ ಮೀರಬಾರದು. ದೆಹಲಿಯ ಬಂಕುಗಳು ಕಲಿತ ಪಾಠ ಈ ಕಾರಿಗೂ ಸಲ್ಲುತ್ತದೆ.

ಉಳಿದಿರುವುದು ಕಾನೂನಿನ ಪ್ರಶ್ನೆ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಎನ್‌ಸಿಆರ್ ರಸ್ತೆಗಿಳಿಯಬಾರದು ಎಂಬ ಹಸಿರು ನ್ಯಾಯಮಂಡಳಿಯ ನಿಲುವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2021ರ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ್ದಕ್ಕೆ ಮಾತ್ರ. 1978ರ ಮೊದಲ ಆರ್‌ಎಕ್ಸ್-7ಗೂ 2028ರವರೆಗೆ ಅದರ ಆಸರೆ ಇಲ್ಲ. ಈ ನಡುವಿನ ಗಾಡಿಗಳಲ್ಲಿ ಚೆನ್ನಾಗಿ ಸಾಕಿದ್ದೂ ಇದೆ, ಹೊಗೆ ಉಗುಳುವುದೂ ಇದೆ. ಹುಟ್ಟಿದ ವರ್ಷವೊಂದೇ ಇವೆರಡನ್ನು ಬೇರ್ಪಡಿಸಲಾರದು. 1998ರ ಆದೇಶ ಗಾಡಿಗಳ ವಯಸ್ಸನ್ನೂ ನೋಡಿತ್ತು, ಜೊತೆಗೆ ಎಣ್ಣೆಯ ಗುಣವನ್ನೂ ಅಳತೆಯನ್ನೂ ಕೇಳಿತ್ತು. ಹಳೆಯ ಗಾಡಿಯ ಹೊಗೆಯನ್ನು ಕಟ್ಟುನಿಟ್ಟಾಗಿ ಅಳೆದು, ಪಾಸಾದದ್ದಕ್ಕೆ ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಪರವಾನಗಿ ಕೊಡುವ ನಿಯಮ ಬಂದರೆ, ಒಳ್ಳೆಯ ಆಯಿಲ್ ಹಾಕಿ ಗಾಡಿ ಕಾಪಾಡಿದವರ ಶ್ರಮಕ್ಕೂ ದೆಹಲಿಯ ಗಾಳಿಗೂ ನ್ಯಾಯ ಸಿಗುತ್ತದೆ.